ಕಠ್ಮಂಡುವಿನ ಬಾಲಗೃಹಕ್ಕೆ ಮೊದಲ ಭೇಟಿ: ಹೋಗುವ ಮುನ್ನ ಏನನ್ನು ವಿಚಾರಿಸಬೇಕು?

ಸೀತಾನದಿ (ಬ್ರಹ್ಮಾವರ)

ಎಲ್ಲರಿಗೂ ನಮಸ್ಕಾರ. ಈ ಸಲದ ದಸರಾ ರಜೆಯಲ್ಲಿ ನಾವು ಮನೆಮಂದಿಯೆಲ್ಲ ನೇಪಾಳ ಯಾತ್ರೆಗೆ ಹೊರಟಿದ್ದೇವೆ. ಪಶುಪತಿನಾಥನ ದರ್ಶನ ಮುಗಿಸಿ, ಪೋಖರಾ ಮತ್ತು ಜೋಮ್‌ಸೋಮ್ ದಾರಿಯಾಗಿ ಮುಕ್ತಿನಾಥಕ್ಕೆ ಹೋಗಿ, ಮರಳಿ ಕಠ್ಮಂಡುವಿಗೆ ಬರುವುದೆಂದು ಏರ್ಪಾಡಾಗಿದೆ. ಪಶುಪತಿನಾಥನ ಮುಖ್ಯ ಪೂಜೆಗೆ ಕರ್ನಾಟಕದ ಭಟ್ಟರೇ ತಲೆಮಾರುಗಳಿಂದ ಹೋಗುತ್ತಿರುವುದರಿಂದ ನಮ್ಮ ಕಡೆಯವರಿಗೆ ಆ ಕ್ಷೇತ್ರ ಪರಸ್ಥಳವೆಂದು ಅನ್ನಿಸುವುದಿಲ್ಲ. ನನ್ನ ಪ್ರಶ್ನೆ ಮಾತ್ರ ಯಾತ್ರೆಯದಲ್ಲ.

ಮೆಲ್ಬರ್ನ್‌ನಲ್ಲಿರುವ ನನ್ನ ಅಣ್ಣ ಅಲ್ಲಿನ ಒಂದು ದತ್ತಿ ಸಂಸ್ಥೆಯ ಮೂಲಕ ಕಠ್ಮಂಡುವಿನ ಬಾಲಗೃಹವೊಂದಕ್ಕೆ ಕೆಲವು ವರ್ಷಗಳಿಂದ ಪ್ರತಿ ತಿಂಗಳು ಹಣ ಕಳಿಸುತ್ತಿದ್ದಾನೆ. ಅವನ ಹೆಸರಿಗೆ ಒಬ್ಬ ಹುಡುಗಿಯನ್ನು ಗುರುತಿಸಿಕೊಟ್ಟಿದ್ದಾರೆ. ವರ್ಷಕ್ಕೊಮ್ಮೆ ಅವಳ ಫೋಟೋ ಮತ್ತು ಒಂದು ಪತ್ರ ಬರುತ್ತದೆ. ‘ಅಷ್ಟು ಹತ್ತಿರ ಹೋಗುತ್ತಿದ್ದೀಯಲ್ಲ, ನನ್ನ ಪರವಾಗಿ ಮಗುವನ್ನು ನೋಡಿಕೊಂಡು ಬಾ’ ಎಂದು ಅಣ್ಣ ಹೇಳಿದ್ದಾನೆ. ಇದರ ಜೊತೆಗೆ, ಅಪ್ಪನ ತಿಥಿಯ ದಿನ ಊರಿನ ಅನಾಥಾಶ್ರಮದಲ್ಲಿ ಮಕ್ಕಳಿಗೆ ಊಟ ಹಾಕಿಸುವುದು ನಮ್ಮ ಮನೆಯ ರೂಢಿ. ಈ ವರ್ಷ ಆ ದಿನ ಯಾತ್ರೆಯ ನಡುವೆಯೇ ಬರುವುದರಿಂದ, ಕಠ್ಮಂಡುವಿನ ಮಕ್ಕಳಿಗೇ ಊಟ ಹಾಕಿಸಬೇಕೆಂಬುದು ಅಮ್ಮನ ಆಸೆ. ಏಳನೆಯ ತರಗತಿಯಲ್ಲಿರುವ ಮಗಳು ತನ್ನ ಕಥೆಪುಸ್ತಕಗಳನ್ನೂ ಗಿಡ್ಡವಾದ ಉಡುಪುಗಳನ್ನೂ ಆಗಲೇ ಬೇರೆ ತೆಗೆದಿಟ್ಟಿದ್ದಾಳೆ. ನಮ್ಮ ಯಾತ್ರೆಯ ಏರ್ಪಾಡು ಮಾಡುತ್ತಿರುವವರು, ಅಣ್ಣನ ಬಾಲಗೃಹ ಸಿಗದಿದ್ದರೂ ಚಿಂತೆಯಿಲ್ಲ, ಬೇರೆ ಯಾವುದಾದರೂ ಒಂದಕ್ಕೆ ಅರ್ಧ ದಿನ ಕರೆದುಕೊಂಡು ಹೋಗುತ್ತೇವೆ ಎಂದಿದ್ದಾರೆ.

ಪರದೇಶದ ಬಾಲಗೃಹಕ್ಕೆ ಹೋಗುವುದು ನಮಗೆ ಇದೇ ಮೊದಲು. ಏನನ್ನು ಒಯ್ಯಬೇಕು, ಮಕ್ಕಳೊಂದಿಗೆ ಎಷ್ಟು ಹೊತ್ತು ಇರಬಹುದು, ಫೋಟೋ ತೆಗೆಯಬಹುದೇ, ಯಾವ ರೀತಿ ನಡೆದುಕೊಳ್ಳಬೇಕು ಎಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಬಾಗ್ಮತಿ ದಂಡೆ (ಲಲಿತಪುರ, ನೇಪಾಳ)

ಸೀತಾನದಿಯವರೇ, ನನ್ನ ಊರು ಸಾಗರ. ಬಹಳ ಕಾಲದಿಂದ ಲಲಿತಪುರದಲ್ಲಿದ್ದೇನೆ. ಬಾಲಗೃಹಗಳಲ್ಲಿರುವ ಮಕ್ಕಳನ್ನು ಅವರವರ ಮನೆಗಳಿಗೆ ಮರಳಿಸುವ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುತ್ತೇನೆ, ಆದರೆ ಅವೆಲ್ಲಕ್ಕೂ ಮೊದಲು ಕೇಳಬೇಕಾದ ಒಂದು ಪ್ರಶ್ನೆ ನಿಮ್ಮ ಬರಹದಲ್ಲಿಲ್ಲ. ಆ ಹುಡುಗಿ ಅಲ್ಲಿಗೆ ಬಂದದ್ದು ಹೇಗೆ, ಮತ್ತು ಇನ್ನೂ ಅಲ್ಲೇ ಇರುವುದು ಏಕೆ?

ನೇಪಾಳದ ಬಾಲಗೃಹಗಳಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆ ಅಥವಾ ತಾಯಿ ಇದ್ದಾರೆ. ಅನೇಕರಿಗೆ ಇಬ್ಬರೂ ಇದ್ದಾರೆ. ಇದು ಹೇಗಾಯಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1996ರಿಂದ 2006ರವರೆಗೆ ಇಲ್ಲಿ ಮಾವೋವಾದಿಗಳ ಸಶಸ್ತ್ರ ಹೋರಾಟ ನಡೆಯಿತು. ಪಶ್ಚಿಮದ ಬೆಟ್ಟಗಳಲ್ಲಿ, ಅದರಲ್ಲೂ ಟಿಬೆಟ್ ಗಡಿಯ ಹುಮ್ಲಾದಂಥ ಜಿಲ್ಲೆಗಳಲ್ಲಿ, ಶಾಲೆಗಳು ನಡೆಯುತ್ತಿರಲಿಲ್ಲ. ಮಕ್ಕಳನ್ನು ಹೋರಾಟಕ್ಕೆ ಎಳೆದೊಯ್ಯುತ್ತಾರೆಂಬ ಭಯ ಮನೆಮನೆಯಲ್ಲೂ ಇತ್ತು. ಆಗ ದಲ್ಲಾಳಿಗಳು ಊರೂರಿಗೆ ಬಂದು, ‘ನಿಮ್ಮ ಮಗುವನ್ನು ಕಠ್ಮಂಡುವಿನ ಒಳ್ಳೆಯ ಬೋರ್ಡಿಂಗ್ ಶಾಲೆಗೆ ಸೇರಿಸುತ್ತೇವೆ’ ಎಂದು ನಂಬಿಸಿ, ಅದಕ್ಕಾಗಿ ತಂದೆತಾಯಿಯಿಂದಲೇ ಹಣವನ್ನೂ ಪಡೆದು ಮಕ್ಕಳನ್ನು ಕರೆದುಕೊಂಡು ಬಂದರು. ನಗರಕ್ಕೆ ಬಂದ ಮೇಲೆ ತಂದೆತಾಯಿ ತೀರಿಕೊಂಡಿದ್ದಾರೆಂಬ ಸುಳ್ಳು ಕಾಗದಪತ್ರ ಸಿದ್ಧವಾಯಿತು. ಕೆಲವು ಮಕ್ಕಳಿಗೆ ಹೆಸರನ್ನೂ ಬದಲಾಯಿಸಿದರು. ಹುಮ್ಲಾದ ಸಿಮಿಕೋಟ್‌ಗೆ ನೇಪಾಲ್‌ಗಂಜ್‌ನಿಂದ ಆಗ ಸಣ್ಣ ವಿಮಾನದಲ್ಲಿ ಹೋಗಬೇಕಿತ್ತು, ಅಲ್ಲಿಂದ ಮುಂದೆ ಹಳ್ಳಿಗಳಿಗೆ ದಿನಗಟ್ಟಲೆ ನಡೆಯಬೇಕಿತ್ತು. ಅಂಥ ಊರಿನ ತಾಯಿ ಮಗುವನ್ನು ಹುಡುಕಿಕೊಂಡು ಕಠ್ಮಂಡುವಿಗೆ ಬರುವುದು ಎಷ್ಟು ಕಷ್ಟವಾಗಿತ್ತೆಂದು ನೀವೇ ಊಹಿಸಿಕೊಳ್ಳಿ.

ಹೋರಾಟ ಮುಗಿದ ಮೇಲೂ ಈ ದಾರಿ ಮುಚ್ಚಲಿಲ್ಲ, ಏಕೆಂದರೆ ಮಕ್ಕಳಿರುವ ಬಾಲಗೃಹಕ್ಕೆ ಹಣ ಹರಿದು ಬರುತ್ತದೆಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ನೇಪಾಳದಲ್ಲಿ 77 ಜಿಲ್ಲೆಗಳಿವೆ. ಬಾಲಗೃಹಗಳಲ್ಲಿ ಬಹುಪಾಲು ಕಠ್ಮಂಡು, ಲಲಿತಪುರ, ಭಕ್ತಪುರ, ಕಾಸ್ಕಿ, ಚಿತವನ ಎಂಬ ಬೆರಳೆಣಿಕೆಯ ಜಿಲ್ಲೆಗಳಲ್ಲಿವೆ. ಪೋಖರಾ ಇರುವುದು ಕಾಸ್ಕಿಯಲ್ಲಿ, ಖಡ್ಗಮೃಗಗಳ ಕಾಡು ಇರುವುದು ಚಿತವನದಲ್ಲಿ. ಮಕ್ಕಳ ಬಡತನ ಹೆಚ್ಚಿರುವ, ಹುಮ್ಲಾ ಸೇರಿರುವ ಕರ್ಣಾಲಿ ಪ್ರಾಂತದ ಬೆಟ್ಟಗಳಲ್ಲಿ ಇವು ವಿರಳ. ನಿಮ್ಮಂಥ, ನನ್ನಂಥ ಹೊರಗಿನವರು ಓಡಾಡುವ ಕಡೆಯೇ ದಟ್ಟವಾಗಿವೆ. ಕಾಂಬೋಡಿಯಾದಲ್ಲೂ ಇದೇ ನಡೆಯಿತು. ಅಂಕೋರ್ ದೇವಾಲಯಗಳನ್ನು ನೋಡಲು ಬರುವವರು ಹೆಚ್ಚುತ್ತಿದ್ದ 2005ರಿಂದ 2010ರ ಅವಧಿಯಲ್ಲಿ ಅಲ್ಲಿನ ಇಂಥ ಸಂಸ್ಥೆಗಳ ಸಂಖ್ಯೆ 154ರಿಂದ 269ಕ್ಕೆ ಏರಿತು. ಆ ಐದು ವರ್ಷಗಳಲ್ಲಿ ಅಲ್ಲಿ ಯುದ್ಧವೇನೂ ನಡೆದಿರಲಿಲ್ಲ.

ನೇಪಾಳ ಸರ್ಕಾರ ಕೈಕಟ್ಟಿ ಕೂತಿಲ್ಲ ಎಂಬುದನ್ನೂ ಹೇಳಬೇಕು. 2015ರ ಏಪ್ರಿಲ್ 25ರ ಭೂಕಂಪದ ಬಳಿಕ, ಕಂಗಾಲಾದ ಕುಟುಂಬಗಳಿಂದ ಮಕ್ಕಳನ್ನು ಸಾಗಿಸುವುದನ್ನು ತಡೆಯಲು, ಅನುಮತಿಯಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಕರೆದೊಯ್ಯುವಂತಿಲ್ಲ ಎಂದು ಆದೇಶಿಸಿತು. 2018ರಲ್ಲಿ ಬಂದ ಮಕ್ಕಳ ಕಾಯಿದೆಯು ಮೊದಲು ಬಂಧುಗಳು, ಆಮೇಲೆ ಪೋಷಿಸಲು ಮುಂದೆ ಬರುವ ಕುಟುಂಬ, ಯಾವುದೂ ಆಗದಿದ್ದಾಗ ಮಾತ್ರ ಬಾಲಗೃಹ ಎಂದು ಕ್ರಮವನ್ನು ಗೊತ್ತುಪಡಿಸಿದೆ. ಆದರೂ ಹತ್ತು ಸಾವಿರಕ್ಕಿಂತ ಹೆಚ್ಚು ಮಕ್ಕಳು ಬಾಲಗೃಹಗಳಲ್ಲೇ ಬೆಳೆಯುತ್ತ ಬಂದಿದ್ದಾರೆ.

ಈಗ ನಿಮ್ಮ ವಿಷಯ. ಯಾತ್ರೆಯವರು ಯಾವುದಾದರೂ ಒಂದು ಬಾಲಗೃಹಕ್ಕೆ ಅರ್ಧ ದಿನ ಕರೆದೊಯ್ಯುತ್ತೇವೆ ಎಂದಿರುವುದನ್ನು ದಯವಿಟ್ಟು ಈಗಲೇ ಬೇಡವೆನ್ನಿ. ಗುರುತು ಪರಿಚಯವಿಲ್ಲದ ಪ್ರವಾಸಿ ತಂಡವನ್ನು ಮಕ್ಕಳ ಕೋಣೆಯವರೆಗೆ ಬಿಡುವ ಮನೆಯಲ್ಲಿ ಮಕ್ಕಳು ಸುರಕ್ಷಿತರಲ್ಲ. ನಿಮ್ಮ ಅಣ್ಣನ ವಿಷಯ ಬೇರೆ. ತಾನು ಕೊಡುವ ಹಣ ಏನಾಗುತ್ತಿದೆ ಎಂದು ತಿಳಿಯುವ ಹಕ್ಕೂ ಹೊಣೆಯೂ ಅವರಿಗಿದೆ. ಆದರೆ ಅದನ್ನು ತಿಳಿಯಲು ಕಾಣಬೇಕಾದದ್ದು ಕಚೇರಿಯನ್ನು, ಅಲ್ಲಿನ ಸಮಾಜ ಕಾರ್ಯಕರ್ತರನ್ನು, ಕಾಗದಪತ್ರಗಳನ್ನು. ಮಗುವನ್ನಲ್ಲ.

ಇನ್ನೊಂದು ಮಾತು. ನೀವು ಹೋಗುವ ಹೊತ್ತು ಇಲ್ಲಿ ದಶೈನ್, ಅಂದರೆ ನೇಪಾಳದ ದಸರಾ. ಘಟಸ್ಥಾಪನೆಯಿಂದ ಹುಣ್ಣಿಮೆಯವರೆಗೆ ನಡೆಯುವ ಈ ಹಬ್ಬದಲ್ಲಿ ಕಠ್ಮಂಡು ಅರ್ಧ ಖಾಲಿಯಾಗುತ್ತದೆ. ಹತ್ತನೆಯ ದಿನ ಹಿರಿಯರ ಕೈಯಿಂದ ಹಣೆಗೆ ಟೀಕಾ (ತಿಲಕ), ತಲೆಗೆ ಜಮರಾ (ಜವೆಗೋಧಿಯ ಎಳೆ ಸಸಿ) ಇಡಿಸಿಕೊಳ್ಳಲು ಎಲ್ಲರೂ ಊರು ಸೇರುತ್ತಾರೆ. ಮಕ್ಕಳ ಹಿತ ಬಯಸುವ ಬಾಲಗೃಹ ಆ ದಿನಗಳಲ್ಲಿ ಸಾಧ್ಯವಿದ್ದಷ್ಟು ಮಕ್ಕಳನ್ನು ಅವರ ಮನೆಗಳಿಗೆ ಕಳಿಸುತ್ತದೆ. ಹಬ್ಬದ ನಡುವೆ ಎಲ್ಲ ಮಕ್ಕಳೂ ಸಾಲಾಗಿ ನಿಂತು ನಿಮ್ಮನ್ನು ಸ್ವಾಗತಿಸಿದರೆ, ಇವರಲ್ಲಿ ಯಾರೂ ಏಕೆ ಊರಿಗೆ ಹೋಗಿಲ್ಲ ಎಂದು ನೀವು ಕೇಳಲೇಬೇಕು.

ಹಳೇಪೇಟೆ ರಾಯರು (ದಾವಣಗೆರೆ)

ಬಾಗ್ಮತಿ ದಂಡೆಯವರು ಬರೆದದ್ದನ್ನು ಗೌರವದಿಂದಲೇ ಓದಿದೆ. ಆದರೆ ಒಪ್ಪಲು ಮನಸ್ಸು ಹಿಂಜರಿಯುತ್ತದೆ. ನಮ್ಮ ಕಡೆ ಹುಟ್ಟುಹಬ್ಬ, ತಿಥಿ, ಗೃಹಪ್ರವೇಶ ಯಾವುದೇ ಬರಲಿ, ಆಶ್ರಮದ ಮಕ್ಕಳಿಗೆ ಒಂದು ಹೊತ್ತಿನ ಸಿಹಿಯೂಟ ಹಾಕಿಸುವವರು ಇರುವುದರಿಂದಲೇ ಎಷ್ಟೋ ಸಂಸ್ಥೆಗಳು ಉಸಿರಾಡುತ್ತಿವೆ. ಸರ್ಕಾರದ ಅನುದಾನ ತಿಂಗಳುಗಟ್ಟಲೆ ತಡವಾದಾಗ ಅಕ್ಕಿ ಮೂಟೆ ಇಳಿಸಿದವರು ಇಂಥ ಸಾಮಾನ್ಯ ಜನರೇ. ಕೊಡುವವನು ಕಣ್ಣಾರೆ ಕಂಡರೆ ಅವನ ಮನಸ್ಸು ಕರಗುತ್ತದೆ, ಮುಂದಿನ ವರ್ಷವೂ ಕೊಡುತ್ತಾನೆ. ಎಲ್ಲೋ ಕೆಲವರು ಮೋಸ ಮಾಡಿದರೆಂದು ಎಲ್ಲರೂ ಕಾಲು ಹಿಂದೆಗೆದರೆ, ನಿಜವಾಗಿಯೂ ಯಾರೂ ಇಲ್ಲದ ಮಗುವಿನ ಗತಿಯೇನು? ಆ ಹುಡುಗಿಗೂ ತನಗಾಗಿ ದೂರದಲ್ಲಿ ಒಬ್ಬರು ಇದ್ದಾರೆ ಎಂಬ ಧೈರ್ಯ ಬೇಡವೇ?

ಕುಕ್ಕರಹಳ್ಳಿ (ಮೈಸೂರು)

ರಾಯರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ನಾನು ಮಕ್ಕಳ ಆಪ್ತಸಮಾಲೋಚಕಿ. ಒಂದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಲ್ಲಿಯೂ ಕೆಲಸ ಮಾಡಿದ್ದೇನೆ. ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಅನುಭವದಿಂದ ಉತ್ತರಿಸಲು ಯತ್ನಿಸುತ್ತೇನೆ.

ಸಂಸ್ಥೆಗಳಲ್ಲಿ ಬೆಳೆಯುವ ಪುಟ್ಟ ಮಕ್ಕಳು ಗುರುತಿಲ್ಲದವರು ಬಂದ ಕೂಡಲೇ ಓಡಿ ಬಂದು ಕೈ ಹಿಡಿಯುತ್ತಾರೆ, ತೊಡೆಯೇರುತ್ತಾರೆ. ನೋಡಿದವರು ‘ಎಷ್ಟು ಪ್ರೀತಿಯ ಮಕ್ಕಳು’ ಎಂದು ಕಣ್ಣು ತುಂಬಿಕೊಳ್ಳುತ್ತಾರೆ. ಆದರೆ ಮನೆಯಲ್ಲಿ ಬೆಳೆಯುವ ಮೂರು ವರ್ಷದ ಮಗು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ, ಅಡಗಬೇಕು. ತನ್ನವರು ಯಾರು, ಹೊರಗಿನವರು ಯಾರು ಎಂಬ ಅರಿವು ಬೆಳೆಯಲು ದಿನವೂ ಅದೇ ಮುಖ, ಅದೇ ಕೈ ಬೇಕು. ಇದನ್ನು ಬಹಳ ಎಚ್ಚರದಿಂದ ಅಧ್ಯಯನ ಮಾಡಿದವರು ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಕೆಲಸ ಮಾಡಿದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ. 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಕುಸಿದಾಗ ಅಲ್ಲಿನ ಅನಾಥಾಲಯಗಳ ಸ್ಥಿತಿ ಜಗತ್ತಿಗೆ ತಿಳಿಯಿತಷ್ಟೆ. 2000ದ ಸುಮಾರಿಗೆ ಈ ಮೂವರು ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಆರಿಸಿಕೊಂಡು, ಅರ್ಧದಷ್ಟು ಮಕ್ಕಳಿಗೆ ಪೋಷಕ ಕುಟುಂಬಗಳನ್ನು ಒದಗಿಸಿ, ವರ್ಷಗಳ ಕಾಲ ಎರಡೂ ಗುಂಪುಗಳ ಬೆಳವಣಿಗೆಯನ್ನು ಗಮನಿಸಿದರು. ಕುಟುಂಬ ಸೇರಿದ ಮಕ್ಕಳು ಬುದ್ಧಿಯ ಬೆಳವಣಿಗೆಯಲ್ಲೂ ಅಂಟಿಕೊಳ್ಳುವ ಸಂಬಂಧಗಳಲ್ಲೂ ಮುಂದಿದ್ದರು; ಎರಡು ವರ್ಷ ತುಂಬುವ ಮೊದಲೇ ಹೋದವರು ಇನ್ನೂ ಚೆನ್ನಾಗಿದ್ದರು. ಅರ್ಧ ದಿನ ಬಂದು, ಎತ್ತಿ ಮುದ್ದಾಡಿ, ಮರುದಿನ ಕಾಣೆಯಾಗುವ ಅತಿಥಿಗಳು ಆ ಮಕ್ಕಳಿಗೆ ಧೈರ್ಯ ಕೊಡುವುದಿಲ್ಲ. ಒಬ್ಬರಾದ ಮೇಲೊಬ್ಬರು ಬಿಟ್ಟುಹೋಗುವುದನ್ನು ಅಭ್ಯಾಸ ಮಾಡಿಸುತ್ತಾರೆ.

ಫೋಟೋ ಕುರಿತು. ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಮಿನ ಪ್ರಕಾರ ಇಂಥ ಮಕ್ಕಳ ಗುರುತು ತಿಳಿಯುವ ಯಾವುದೇ ವಿವರವನ್ನೂ ಚಿತ್ರವನ್ನೂ ಪ್ರಕಟಿಸುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಇಲ್ಲಿ ತಪ್ಪಾದದ್ದು ಗಡಿ ದಾಟಿದ ಮೇಲೆ ಸರಿಯಾಗುವುದಿಲ್ಲ. ಸೀತಾನದಿಯವರ ಅಣ್ಣನಿಗೆ ಬರುವ ವಾರ್ಷಿಕ ಫೋಟೋವನ್ನೂ ಈ ದೃಷ್ಟಿಯಿಂದ ನೋಡಬೇಕೆಂದು ನನ್ನ ವಿನಂತಿ.

ರಾಯರ ಇನ್ನೊಂದು ಆತಂಕ ಹಣದ್ದು. ಬಡತನವೊಂದೇ ಕಾರಣವಾಗಿ ಮಗು ಮನೆ ಬಿಡಬೇಕಾಗಿ ಬಂದಾಗ, ಆ ಹಣವನ್ನು ಮನೆಗೇ ಕೊಡುವ ದಾರಿ ನಮ್ಮಲ್ಲಿದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ದೊರೆಯುತ್ತದೆ, ಮಗು ತಾಯಿಯ ಬಳಿಯೋ ಅಜ್ಜಿಯ ಬಳಿಯೋ ಇದ್ದುಕೊಂಡೇ ಓದುತ್ತದೆ. ಸಮಿತಿಯಲ್ಲಿದ್ದಾಗ, ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಬಾಲಮಂದಿರಕ್ಕೆ ಸೇರಿಸಲೆಂದು ಅಳುತ್ತ ಬಂದ ತಾಯಂದಿರಿಗೆ ಈ ಯೋಜನೆಯ ಅರ್ಜಿ ತುಂಬಿಸಿ ಮಕ್ಕಳೊಂದಿಗೇ ಮನೆಗೆ ಕಳಿಸಿದ್ದು ನನಗೆ ಅತ್ಯಂತ ಸಮಾಧಾನ ಕೊಟ್ಟ ಕೆಲಸ.

ಎರಡನೇ ಬೆಂಚು (ಕಲಬುರಗಿ)

ನಾನು ಎಂಟನೆಯ ವಯಸ್ಸಿನಿಂದ ಹದಿನೆಂಟು ತುಂಬುವವರೆಗೆ ಇಂಥ ಒಂದು ಮನೆಯಲ್ಲಿ ಬೆಳೆದವನು. ಊಟ ಹಾಕಿಸಿದವರ ಬಗ್ಗೆ ನನಗೆ ಕೃತಜ್ಞತೆಯಿದೆ, ಅದರಲ್ಲಿ ಸಂಶಯ ಬೇಡ. ಆದರೆ ಎಲೆಯ ಮುಂದೆ ಕುಳಿತು, ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಚಪ್ಪಾಳೆ ತಟ್ಟಿ, ಅವರ ಅಪ್ಪ ಅಮ್ಮ ಫೋಟೋ ತೆಗೆದು ಮುಗಿಸುವ ತನಕ ಅನ್ನ ಮುಟ್ಟದೆ ಕಾಯುವುದು ಏನೆಂಬುದನ್ನು ಕೊಡುವವರು ಒಮ್ಮೆ ಯೋಚಿಸಬೇಕು. ಬಂದವರಲ್ಲಿ ಎಷ್ಟೋ ಜನ ‘ನಿನ್ನ ಅಪ್ಪ ಅಮ್ಮ ಎಲ್ಲಿ?’ ಎಂದು ಕೇಳುತ್ತಿದ್ದರು. ನನ್ನ ತಾಯಿ ಇದ್ದಳು, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತಿದ್ದಳು. ಅದನ್ನು ಹೇಳಬಾರದೆಂದು ವಾರ್ಡನ್ ಹೇಳಿಕೊಟ್ಟಿದ್ದರು. ‘ಮತ್ತೆ ಬರುತ್ತೇವೆ’ ಎಂದು ಹೇಳಿ ಹೋದವರನ್ನು ನನಗಿಂತ ಚಿಕ್ಕವರು ಭಾನುವಾರಗಳಲ್ಲಿ ಗೇಟಿನ ಹತ್ತಿರ ಕಾಯುತ್ತಿದ್ದರು. ಸೀತಾನದಿ ಅಕ್ಕ, ಹೋದರೂ ಹೋಗದಿದ್ದರೂ ಆ ಮಾತನ್ನು ಮಾತ್ರ ಯಾವ ಮಗುವಿಗೂ ಹೇಳಬೇಡಿ.

ಸೀತಾನದಿ (ಬ್ರಹ್ಮಾವರ)

ಎಲ್ಲರ ಬರಹವನ್ನೂ ಅಮ್ಮನಿಗೆ ಓದಿ ಹೇಳಿದೆ. ಎರಡನೇ ಬೆಂಚಿನ ತಮ್ಮ ಬರೆದದ್ದನ್ನು ಅಮ್ಮ ಎರಡು ಸಲ ಓದಿಸಿಕೊಂಡರು. ತಿಥಿಯ ಊಟವನ್ನು ಕಠ್ಮಂಡುವಿನಲ್ಲಿ ಹಾಕಿಸುವುದು ಬೇಡವೆಂದು ಅವರೇ ಹೇಳಿದ್ದಾರೆ. ಯಾತ್ರೆಯವರಿಗೂ ಅರ್ಧ ದಿನದ ಭೇಟಿ ಬೇಡವೆಂದು ತಿಳಿಸಿದ್ದೇನೆ.

ಉಳಿದದ್ದು ಅಣ್ಣನ ವಿಷಯ. ಅವನಿಗೆ ಇದನ್ನೆಲ್ಲ ಹೇಳಿದಾಗ ಬಹಳ ನೊಂದುಕೊಂಡ. ‘ಹಾಗಾದರೆ ಮುಂದಿನ ತಿಂಗಳಿಂದಲೇ ಹಣ ನಿಲ್ಲಿಸಿಬಿಡುತ್ತೇನೆ’ ಎಂದ. ಇದು ಸರಿಯೇ? ಕಚೇರಿಗೆ ಹೋಗುವುದಾದರೆ ನಾನು ಏನನ್ನು ಕೇಳಬೇಕು? ಲೆಕ್ಕಪತ್ರ ನೋಡಿ ತಿಳಿಯುವಷ್ಟು ಜಾಣತನ ನನಗಿಲ್ಲ. ಮಗಳ ಪುಸ್ತಕಗಳನ್ನು ಏನು ಮಾಡಲಿ?

ಬಾಗ್ಮತಿ ದಂಡೆ (ಲಲಿತಪುರ, ನೇಪಾಳ)

ಹಣವನ್ನು ಒಮ್ಮೆಲೇ ನಿಲ್ಲಿಸಬೇಡಿರೆಂದು ಅಣ್ಣನವರಿಗೆ ದಯವಿಟ್ಟು ಹೇಳಿ. ದಾನಿಗಳು ಏಕಾಏಕಿ ಕೈಬಿಟ್ಟಾಗ ಮಕ್ಕಳನ್ನು ಇನ್ನೂ ಕೆಟ್ಟ ಬಾಲಗೃಹಕ್ಕೆ ದಾಟಿಸಿದ, ಇಲ್ಲವೇ ತಯಾರಿಯಿಲ್ಲದೆ ಬಸ್ಸು ಹತ್ತಿಸಿದ ಸಂಗತಿಗಳು ನಮ್ಮ ಕೆಲಸದಲ್ಲಿ ಎದುರಾಗುತ್ತವೆ. ಮಗುವನ್ನು ಮನೆಗೆ ಮರಳಿಸುವುದಕ್ಕೂ ಖರ್ಚಿದೆ: ಕುಟುಂಬವನ್ನು ಹುಡುಕುವುದು, ಸಮಾಜ ಕಾರ್ಯಕರ್ತರು ಬೆಟ್ಟದ ಊರಿಗೆ ಹೋಗಿ ಬರುವುದು, ಫೋನಿನಲ್ಲಿ ಮಾತಾಡಿಸುವುದು, ಹಬ್ಬಕ್ಕೆ ಕಳಿಸಿ ನೋಡುವುದು, ಆಮೇಲೆ ಊರಿನ ಶಾಲೆಗೆ ಸೇರಿಸಿ ಕೆಲವು ವರ್ಷ ವಿಚಾರಿಸಿಕೊಳ್ಳುವುದು. ಅಣ್ಣನವರ ಹಣ ಈ ಕೆಲಸಕ್ಕೆ ಸಲ್ಲಲಿ ಎಂದು ಅವರು ಬರವಣಿಗೆಯಲ್ಲಿ ಕೇಳಬಹುದು. ಅವರು ಆಸ್ಟ್ರೇಲಿಯಾದಲ್ಲಿರುವುದೂ ಅನುಕೂಲವೇ. ಅಲ್ಲಿನ ಸಂಸತ್ತಿನ ಸಮಿತಿಯು 2017ರಲ್ಲಿ ಆಧುನಿಕ ಗುಲಾಮಗಿರಿಯ ಬಗ್ಗೆ ವಿಚಾರಣೆ ನಡೆಸಿದಾಗ ಅನಾಥಾಲಯಗಳಿಗಾಗಿ ಮಕ್ಕಳನ್ನು ಸಾಗಿಸುವ ವಿಷಯವನ್ನು ಪ್ರತ್ಯೇಕವಾಗಿ ಎತ್ತಿಕೊಂಡಿತು. ಮರುವರ್ಷ ಕಾಯಿದೆಯೂ ಬಂತು. ಆದ್ದರಿಂದ ಅಲ್ಲಿನ ಜವಾಬ್ದಾರಿಯುತ ದತ್ತಿ ಸಂಸ್ಥೆಗೆ ಈ ಪ್ರಶ್ನೆಗಳು ಅಪರಿಚಿತವಾಗಿರಲಾರವು. ವಿಶ್ವಸಂಸ್ಥೆಯ ಮಹಾಸಭೆಯೂ 2019ರ ಡಿಸೆಂಬರಿನ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಇದನ್ನು ಪ್ರಸ್ತಾಪಿಸಿದೆ.

ಕಚೇರಿಯಲ್ಲಿ ಕೇಳಲು ಲೆಕ್ಕಪತ್ರದ ಪಾಂಡಿತ್ಯ ಬೇಡ. ಹುಡುಗಿ ಯಾವ ಜಿಲ್ಲೆಯವಳು, ಮನೆಯವರೊಂದಿಗೆ ಕೊನೆಯ ಬಾರಿ ಮಾತಾಡಿದ್ದು ಯಾವಾಗ, ಈ ದಶೈನ್‌ಗೆ ಎಲ್ಲಿಗೆ ಹೋಗುತ್ತಾಳೆ, ಕಳೆದ ವರ್ಷ ಎಷ್ಟು ಮಕ್ಕಳು ಕುಟುಂಬ ಸೇರಿದರು, ಅವರನ್ನು ಆಮೇಲೆ ಯಾರು ಹೋಗಿ ನೋಡಿದರು ಎಂದು ಕೇಳಿ. ಹೆಸರು, ಊರು, ಮನೆತನದ ವಿವರಗಳನ್ನು ಅವರು ನಿಮಗೆ ಹೇಳಲು ಒಪ್ಪದಿದ್ದರೆ ಬೇಸರಿಸಬೇಡಿ, ಅದು ಒಳ್ಳೆಯ ಲಕ್ಷಣ. ಪ್ರಶ್ನೆಯನ್ನೇ ಬದಿಗೆ ಸರಿಸಿ ‘ಬನ್ನಿ, ಮಕ್ಕಳು ನಿಮಗಾಗಿ ನೃತ್ಯ ಕಲಿತಿದ್ದಾರೆ’ ಎಂದರೆ ಅನುಮಾನಿಸಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಪೌರತ್ವದ್ದು. ಇಲ್ಲಿ ಹದಿನಾರು ತುಂಬಿದವರು ಪೌರತ್ವ ಪ್ರಮಾಣಪತ್ರ ಪಡೆಯಬೇಕು. ಅದಕ್ಕೆ ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಕಾಗದಪತ್ರ ಮತ್ತು ಊರಿನ ವಾರ್ಡ್ ಕಚೇರಿಯ ಶಿಫಾರಸು ಬೇಕಾಗುತ್ತದೆ. ಹೆಸರು ಬದಲಾಗಿ, ಮನೆಯ ನಂಟು ಕಡಿದುಹೋದ ಮಕ್ಕಳು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಆ ಪತ್ರವಿಲ್ಲದೆ ಪಾಸ್‌ಪೋರ್ಟ್ ಇಲ್ಲ, ಬ್ಯಾಂಕ್ ಖಾತೆ ತೆರೆಯುವುದು ಕಷ್ಟ, ಸರ್ಕಾರಿ ಕೆಲಸದ ಮಾತೇ ಇಲ್ಲ. ಹತ್ತು ವರ್ಷ ಊಟ, ಬಟ್ಟೆ, ಇಂಗ್ಲಿಷ್ ಶಾಲೆ ಎಲ್ಲವೂ ಸಿಕ್ಕಿ, ಕೊನೆಗೆ ತಾನು ಯಾರೆಂದು ತೋರಿಸಲು ಒಂದು ಕಾಗದವೂ ಇಲ್ಲದೆ ಹೊರಬೀಳುವ ತರುಣರನ್ನು ನಾನು ಕಂಡಿದ್ದೇನೆ. ‘ಈ ಹುಡುಗಿಯ ಜನ್ಮ ನೋಂದಣಿ ಆಗಿದೆಯೇ, ಹದಿನಾರಕ್ಕೆ ಪೌರತ್ವ ಕೊಡಿಸುವ ದಾರಿ ಏನು?’ ಎಂದು ಕೇಳಿ, ಉತ್ತರವನ್ನು ಬರೆದುಕೊಳ್ಳಿ.

ಹುಡುಗಿಯೇ ನಿಮ್ಮನ್ನು ಕಾಣಲು ಬಯಸಿದರೆ, ಸಮಾಜ ಕಾರ್ಯಕರ್ತರು ಅದು ಅವಳ ಹಿತಕ್ಕೆ ಒಪ್ಪುತ್ತದೆ ಎಂದರೆ, ಅವರ ಸಮ್ಮುಖದಲ್ಲಿ ಸ್ವಲ್ಪ ಹೊತ್ತು ಮಾತಾಡಿ. ಅವಳನ್ನು ಹೊರಗೆ ಕರೆದೊಯ್ಯಬೇಡಿ, ಫೋನ್ ನಂಬರ್ ಕೊಡಬೇಡಿ, ಅವಳೊಬ್ಬಳ ಕೈಗೆ ಉಡುಗೊರೆ ಕೊಡಬೇಡಿ. ಒಂದು ವೇಳೆ ಹಿಂಸೆಯ ಸುಳಿವು ಕಂಡರೆ ಅಲ್ಲೇ ಜಗಳಕ್ಕೆ ನಿಲ್ಲದೆ ಹೊರಬಂದು ಮಕ್ಕಳ ಸಹಾಯವಾಣಿಗೆ ಕರೆ ಮಾಡಿ. ನೇಪಾಳದಲ್ಲೂ ನಮ್ಮಲ್ಲಿರುವಂತೆ 1098 ಸಂಖ್ಯೆಯೇ.

ಪುಸ್ತಕಗಳ ಬಗ್ಗೆ: ಕನ್ನಡ ಪುಸ್ತಕಗಳನ್ನು ಮಗಳು ತನ್ನ ಊರಿನ ಶಾಲೆಗೆ ಕೊಡಲಿ. ಕಠ್ಮಂಡುವಿನ ಅಂಗಡಿಗಳಲ್ಲಿ ನೇಪಾಳಿ ಭಾಷೆಯ ಚೆಂದದ ಮಕ್ಕಳ ಪುಸ್ತಕಗಳು ಸಿಗುತ್ತವೆ. ಅವುಗಳಲ್ಲಿ ಕೆಲವನ್ನು ಅವಳೇ ಆರಿಸಿ ಒಂದು ಸಮುದಾಯ ಗ್ರಂಥಾಲಯಕ್ಕೆ ಕೊಡಬಹುದು. ಅಲ್ಲಿಗೆ ಮನೆಗಳ ಮಕ್ಕಳೂ ಬಾಲಗೃಹದ ಮಕ್ಕಳೂ ಒಟ್ಟಿಗೆ ಬರುತ್ತಾರೆ.

ಹಳೇಪೇಟೆ ರಾಯರು (ದಾವಣಗೆರೆ)

ಪೌರತ್ವದ ವಿಷಯ ನನಗೆ ತಿಳಿದಿರಲಿಲ್ಲ. ಊಟದ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿದೆ ಎನ್ನಲಾರೆ. ಹಸಿದವರಿಗೆ ಅನ್ನ ಕೊಡುವುದು ತಪ್ಪೆಂದು ಯಾರೂ ಇಲ್ಲಿ ಹೇಳಿಲ್ಲ ಎಂಬುದನ್ನೂ ಒಪ್ಪುತ್ತೇನೆ. ನಮ್ಮ ಊರಿನ ಸಂಸ್ಥೆಗೆ ಈ ವರ್ಷ ಅಕ್ಕಿ, ಬೇಳೆಯನ್ನು ಕಚೇರಿಯಲ್ಲೇ ಒಪ್ಪಿಸಿ ಬರಬೇಕೆಂದು ಮನೆಯಲ್ಲಿ ಮಾತಾಡಿದ್ದೇನೆ. ಮಕ್ಕಳ ನಡುವೆ ಕೂತು ಉಣ್ಣುವ ಸಂತೋಷ ನಮಗೆ ತಪ್ಪುತ್ತದೆ, ಅದರ ನೋವಿದೆ.

ಕುಕ್ಕರಹಳ್ಳಿ (ಮೈಸೂರು)

ರಾಯರೇ, ಒಪ್ಪಿಸುವಾಗ ಅಲ್ಲಿಯ ಅಧೀಕ್ಷಕರನ್ನು ಒಂದು ಮಾತು ಕೇಳಿ: ‘ಬಡತನವೊಂದೇ ಕಾರಣವಾಗಿ ಇಲ್ಲಿರುವ ಮಕ್ಕಳು ಎಷ್ಟು ಮಂದಿ, ಅವರ ಮನೆಗಳಿಗೆ ಪ್ರಾಯೋಜಕತ್ವದ ಅರ್ಜಿ ಹೋಗಿದೆಯೇ?’ ದಾನಿಯೊಬ್ಬರು ಕೇಳಿದರೆ ಆ ಪ್ರಶ್ನೆಗೆ ತೂಕವಿರುತ್ತದೆ.

ಸೀತಾನದಿ (ಬ್ರಹ್ಮಾವರ)

ಅಣ್ಣ ಮೆಲ್ಬರ್ನ್‌ನ ಸಂಸ್ಥೆಗೆ ಪತ್ರ ಬರೆದಿದ್ದಾನೆ. ನಾನೂ ಅತ್ತಿಗೆಯೂ ಕೂತು ಅದನ್ನು ತಿದ್ದಿದೆವು. ಹುಡುಗಿಯ ಜನ್ಮ ನೋಂದಣಿ, ಮನೆಯವರ ಸಂಪರ್ಕ, ದಶೈನ್‌ಗೆ ಊರಿಗೆ ಕಳಿಸುವ ಏರ್ಪಾಡು ಇವುಗಳ ಬಗ್ಗೆ ಕೇಳಿದ್ದಾನೆ. ಮುಂದೆ ತನಗೆ ಅವಳ ಫೋಟೋ ಕಳಿಸುವುದು ಬೇಡ, ಊರಿಗೆ ಹೋಗಿಬರುವ ಖರ್ಚಿಗೆ ಹಣ ಸಾಲದಿದ್ದರೆ ತಿಳಿಸಿ ಎಂದೂ ಸೇರಿಸಿದ್ದಾನೆ. ಕಠ್ಮಂಡುವಿನ ಕಚೇರಿಗೆ ನಾನೊಬ್ಬಳೇ ಹೋಗುತ್ತೇನೆ, ಅದೂ ಅವರು ಒಪ್ಪಿ ದಿನ ಗೊತ್ತುಮಾಡಿದರೆ ಮಾತ್ರ. ಆ ಹೊತ್ತಿಗೆ ಅಮ್ಮ, ಮಗಳು ಪುಸ್ತಕದಂಗಡಿಯಲ್ಲಿರುತ್ತಾರೆ. ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಬಂದ ಕೂಡಲೇ, ಹುಡುಗಿಯ ಗುರುತು ತಿಳಿಯದಂತೆ, ಇಲ್ಲಿ ಬರೆಯುತ್ತೇನೆ. ಅದನ್ನು ಓದಿ, ಇನ್ನೇನು ಕೇಳಬೇಕೆಂದು ಬಾಗ್ಮತಿ ದಂಡೆಯವರು ದಯವಿಟ್ಟು ತಿಳಿಸಬೇಕು.